ಪಕ್ಕದ ಕಂಪ್ಯೂಟರಿನ ಪ್ಯಾಕೆಟ್‌ಗಳು

2010ರ ಅಕ್ಟೋಬರ್‌ನಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ನಡೆದ ಹ್ಯಾಕರ್‌ಗಳ ಸಮಾವೇಶದಲ್ಲಿ ಎರಿಕ್ ಬಟ್ಲರ್ ಎಂಬ ಪ್ರೋಗ್ರಾಮರ್ 'ಫೈರ್‌ಶೀಪ್' ಎಂಬ ತಂತ್ರಾಂಶವನ್ನು ಬಿಡುಗಡೆ ಮಾಡಿದರು. ಫೈರ್‌ಫಾಕ್ಸ್ ಬ್ರೌಸರಿಗೆ ಅಂಟಿಸಿಕೊಳ್ಳುವ ಪುಟ್ಟ ಸಾಧನ ಅದು. ಪಾಸ್‌ವರ್ಡ್ ಇಲ್ಲದ ವೈಫೈ ಇರುವ ಹೋಟೆಲಿನಲ್ಲಿ ಕೂತು ಗುಂಡಿ ಒತ್ತಿದರೆ ಸಾಕು, ಸುತ್ತಮುತ್ತ ಫೇಸ್‌ಬುಕ್, ಟ್ವಿಟರ್ ನೋಡುತ್ತಿದ್ದವರ ಹೆಸರುಗಳು ಪರದೆಯ ಅಂಚಿನಲ್ಲಿ ಸಾಲಾಗಿ ಮೂಡುತ್ತಿದ್ದವು. ಒಂದರ ಮೇಲೆ ಕ್ಲಿಕ್ಕಿಸಿದರೆ ನೇರ ಅವರ ಖಾತೆಯೊಳಕ್ಕೇ ಪ್ರವೇಶ!

ಇಲ್ಲಿ ಯಾರ ಪಾಸ್‌ವರ್ಡೂ ಕಳುವಾಗುತ್ತಿರಲಿಲ್ಲ. ಆಗಿನ ಅನೇಕ ಜಾಲತಾಣಗಳು ಲಾಗಿನ್ ಪುಟವನ್ನಷ್ಟೇ ಗೂಢಲಿಪಿಯಲ್ಲಿ ಕಳಿಸಿ, ಆಮೇಲಿನ ವ್ಯವಹಾರವನ್ನೆಲ್ಲ ಬಯಲಿಗೆ ಬಿಡುತ್ತಿದ್ದವು. 'ಈತ ಈಗಾಗಲೇ ಲಾಗಿನ್ ಆಗಿದ್ದಾನೆ' ಎಂದು ಸಾರುವ ಕುಕಿಯೂ ಹಾಗೇ ಬಯಲಲ್ಲಿ ಹೋಗುತ್ತಿತ್ತು. ಅದರ ನಕಲು ಸಿಕ್ಕವನನ್ನು ಸರ್ವರ್ ಖಾತೆಯ ಒಡೆಯನೆಂದೇ ನಂಬುತ್ತಿತ್ತು.

ಆ ನಕಲು ಸಿಗುವುದು ಹೇಗೆ? ಜಾಲದಲ್ಲಿ ಮಾಹಿತಿ ಸಾಗುವುದು 'ಪ್ಯಾಕೆಟ್' ಎಂಬ ಸಣ್ಣ ತುಣುಕುಗಳಾಗಿ; ಹಂಚಿಕೊಂಡ ಜಾಲದಲ್ಲಿ ಅವು ಎಲ್ಲರಿಗೂ ಕೇಳಿಸುತ್ತವೆ. ಹಾಜರಿ ಕೂಗುವಾಗ ತನ್ನ ಹೆಸರಿಗಷ್ಟೇ ಓಗೊಡುವ ವಿದ್ಯಾರ್ಥಿಯಂತೆ, ನೆಟ್‌ವರ್ಕ್ ಕಾರ್ಡ್ ತನ್ನ ವಿಳಾಸದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಕೈಬಿಡುತ್ತದೆ. ಈ ಸಭ್ಯತೆಯನ್ನು ಬಿಡುವಂತೆ ಕಾರ್ಡಿಗೆ ಹೇಳುವುದೇ 'ಪ್ರಾಮಿಸ್ಕ್ಯುಯಸ್ ಮೋಡ್'. ಹಾಗೆ ಸಿಕ್ಕಿದ್ದನ್ನು ಓದಲು 1988ರಲ್ಲೇ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದಲ್ಲಿ 'ಟಿಸಿಪಿಡಂಪ್' ರೂಪುಗೊಂಡಿತ್ತು. 1998ರಲ್ಲಿ ಜೆರಾಲ್ಡ್ ಕೂಂಬ್ಸ್ 'ಎಥೆರಿಯಲ್' ಹೊರತಂದರು; 2006ರಿಂದ ಅದರ ಹೆಸರು 'ವೈರ್‌ಶಾರ್ಕ್'. ಜಾಲ ಎಲ್ಲಿ ಕೆಟ್ಟಿದೆಯೆಂದು ಹುಡುಕುವ ಎಂಜಿನಿಯರುಗಳಿಗೆ ಇದಿಲ್ಲದೆ ದಿನ ಸಾಗುವುದಿಲ್ಲ.

ತಂತಿ ಜಾಲಗಳಲ್ಲಿ, ಬಂದ ಪ್ಯಾಕೆಟ್ಟನ್ನು ಎಲ್ಲ ಕಂಪ್ಯೂಟರುಗಳಿಗೂ ಕಳಿಸುತ್ತಿದ್ದ 'ಹಬ್' ಸಾಧನದ ಜಾಗಕ್ಕೆ ಸ್ವಿಚ್ ಬಂದ ಮೇಲೆ ಕದ್ದು ಕೇಳುವುದು ಕಷ್ಟವಾಯಿತು. ಸ್ವಿಚ್ಚು ಪ್ಯಾಕೆಟ್ಟನ್ನು ಸೇರಬೇಕಾದ ಕಂಪ್ಯೂಟರಿನತ್ತ ಮಾತ್ರ ತಳ್ಳುತ್ತದೆ. ಇನ್ನೊಂದು ಯಂತ್ರದ ಸಂಚಾರ ನೋಡಬೇಕಾದ ನಿರ್ವಾಹಕರು ಅದರ ನಕಲನ್ನು ಬೇರೊಂದು ಪೋರ್ಟಿಗೆ ಕಳಿಸುವಂತೆ ಸ್ವಿಚ್ಚಿಗೇ ಸೂಚಿಸಬೇಕು.

ಗಾಳಿಗೆ ಮಾತ್ರ ಸ್ವಿಚ್ ಇಲ್ಲವಲ್ಲ! ರಸ್ತೆಗಳ ಚಿತ್ರ ತೆಗೆಯುತ್ತಿದ್ದ ತನ್ನ ಸ್ಟ್ರೀಟ್ ವ್ಯೂ ಕಾರುಗಳು ಮುಕ್ತ ವೈಫೈಗಳಲ್ಲಿ ಹರಿಯುತ್ತಿದ್ದ ಮಾಹಿತಿಯನ್ನೂ ಬಾಚಿಕೊಂಡಿದ್ದವೆಂದು ಗೂಗಲ್ ಒಪ್ಪಿಕೊಂಡದ್ದು 2010ರ ಮೇ ತಿಂಗಳಲ್ಲಿ. ಭಾರತದಲ್ಲಿ, ಅನುಮತಿಯಿಲ್ಲದೆ ಇನ್ನೊಬ್ಬರ ಜಾಲದಿಂದ ಮಾಹಿತಿ ನಕಲಿಸಿಕೊಂಡರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ ಅಡ್ಡ ಬರುತ್ತದೆ.

ಫೈರ್‌ಶೀಪ್ ಎಬ್ಬಿಸಿದ ಗದ್ದಲ ವ್ಯರ್ಥವಾಗಲಿಲ್ಲ. 2013ರ ಹೊತ್ತಿಗೆ ಫೇಸ್‌ಬುಕ್ ಎಲ್ಲ ಬಳಕೆದಾರರನ್ನೂ, ಇಡೀ ವ್ಯವಹಾರವನ್ನು ಗೂಢಲಿಪಿಯಲ್ಲಿ ಕಳಿಸುವ ಎಚ್‌ಟಿಟಿಪಿಎಸ್‌ಗೆ ತಂದಿತ್ತು. ಇಂದು ವೈರ್‌ಶಾರ್ಕ್ ತೆರೆದರೆ ಸಂದೇಶಗಳ ಒಡಲು ಅರ್ಥವಾಗದ ಅಕ್ಷರರಾಶಿ. ಆದರೂ ಯಾವ ವಿಳಾಸಕ್ಕೆ, ಎಷ್ಟು ಹೊತ್ತಿಗೆ, ಎಷ್ಟು ಬೈಟ್ ಹೋಯಿತೆಂಬುದು ಕಾಣುತ್ತಲೇ ಇರುತ್ತದೆ. ಬಹಳಷ್ಟು ಸಲ ತಾಣದ ಹೆಸರೂ ಸಂಪರ್ಕದ ಮೊದಲ ಪ್ಯಾಕೆಟ್‌ಗಳಲ್ಲೇ ಬಯಲಾಗಿರುತ್ತದೆ. ಅದನ್ನೂ ಮುಚ್ಚುವ ವಿಧಾನವೊಂದು ಈಗೀಗ ಬಳಕೆಗೆ ಬರುತ್ತಿದೆ.