ರೊಟ್ಟಿಯಲ್ಲೇ ಇರಲಿ ಕಬ್ಬಿಣ

"ಕೈಕಾಲಾಗ ಶಕ್ತೀನ ಇಲ್ರೀ ಡಾಕ್ಟ್ರ, ನಾಕು ಹೆಜ್ಜಿ ನಡದ್ರ ತೇಕು ಹತ್ತತೈತ್ರಿ." ಸಿರಸಂಗಿ, ಸವದತ್ತಿ, ರಾಮದುರ್ಗದ ಕಡೆಯ ಹೆಣ್ಣುಮಕ್ಕಳಿಂದ ವೈದ್ಯರು ಮೇಲಿಂದ ಮೇಲೆ ಕೇಳುವ ಮಾತಿದು. ಕೆಳರೆಪ್ಪೆ ಎಳೆದು ನೋಡಿದರೆ ಒಳಗೆ ಬಿಳಿಚಿರುತ್ತದೆ. ಇದೇ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5 ಮಂದಿಗೆ ಈ ತೊಂದರೆ ಇದೆ.

ಹೊಟ್ಟೆ ತುಂಬ ರೊಟ್ಟಿ ಉಂಡರೂ ರಕ್ತವೇಕೆ ಕಡಿಮೆ ಎಂದು ನೀವು ಕೇಳಬಹುದು. ಧಾನ್ಯದಲ್ಲಿ ಕಬ್ಬಿಣದ ಅಂಶವಿದ್ದರೂ ಅದರಲ್ಲೇ ಇರುವ ಫೈಟೇಟ್ ಎಂಬ ವಸ್ತು ಅದನ್ನು ಹಿಡಿದಿಡುತ್ತದೆ. ಹೀಗಾಗಿ ದೇಹಕ್ಕೆ ದಕ್ಕುವುದು ಸ್ವಲ್ಪವೇ. ಪ್ರತಿ ತಿಂಗಳ ಮುಟ್ಟು, ಮೇಲಿಂದ ಮೇಲೆ ಹೆರಿಗೆ, ಜಂತುಹುಳು ಸೇರಿದರೆ ಕೊರತೆ ಇನ್ನೂ ಹೆಚ್ಚುತ್ತದೆ.

ಇದಕ್ಕೆ ಕೃಷಿ ವಿಜ್ಞಾನಿಗಳು ಕಂಡುಕೊಂಡ ಒಂದು ದಾರಿ ಸಾರವರ್ಧಿತ ತಳಿ. ಹೆಚ್ಚು ಕಬ್ಬಿಣ, ಸತು ಇರುವ ಕಾಳುಗಳನ್ನೇ ಆರಿಸಿ ತಳಿ ಬೆಳೆಸುವ ವಿಧಾನವಿದು. 2012ರಲ್ಲಿ ಮಹಾರಾಷ್ಟ್ರದಲ್ಲಿ ಬಿಡುಗಡೆಯಾದ 'ಧನಶಕ್ತಿ' ಸಜ್ಜೆಯಲ್ಲಿ ಕೆ.ಜಿ.ಗೆ ಸುಮಾರು 71 ಮಿ.ಗ್ರಾಂ ಕಬ್ಬಿಣವಿದೆ. ರೂಢಿಯ ತಳಿಗಳಲ್ಲಿ ಇರುವುದು 45ರಿಂದ 50. ಜೋಳದಲ್ಲೂ 2018ರಲ್ಲಿ 'ಪರಭಣಿ ಶಕ್ತಿ' ಎಂಬ ತಳಿ ಬಂದಿದೆ.

ಇದು ಮೈಗೆ ಹತ್ತುತ್ತದೆಯೇ? ಬೆಳಗಾವಿಯ ಜವಾಹರಲಾಲ ನೆಹರು ವೈದ್ಯಕೀಯ ಕಾಲೇಜಿನ ತಜ್ಞರೂ ಸೇರಿ ನಡೆಸಿದ, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡು ವರ್ಷದ 40 ಮಕ್ಕಳಿಗೆ ಸಜ್ಜೆಯ ತಿನಿಸು ಕೊಟ್ಟು ಅಳೆಯಲಾಯಿತು. ಸಾಮಾನ್ಯ ಸಜ್ಜೆ ತಿಂದ ಮಕ್ಕಳ ದೇಹ ದಿನಕ್ಕೆ 0.23 ಮಿ.ಗ್ರಾಂ ಕಬ್ಬಿಣ ಹೀರಿಕೊಂಡರೆ, ಸಾರವರ್ಧಿತ ಸಜ್ಜೆ ತಿಂದವರದು 0.67 ಮಿ.ಗ್ರಾಂ. ಮಹಾರಾಷ್ಟ್ರದ ಶಾಲಾಮಕ್ಕಳಲ್ಲೂ ಇಂಥ ಸಜ್ಜೆಯ ಭಾಕರಿಯಿಂದ ಕಬ್ಬಿಣದ ಸಂಗ್ರಹ ಹೆಚ್ಚಿತು. ಆದರೆ ಮುಂಬಯಿಯ ಕೊಳೆಗೇರಿಗಳ ಎಳೆಮಕ್ಕಳಲ್ಲಿ ಒಂಬತ್ತು ತಿಂಗಳು ಕೊಟ್ಟು ನೋಡಿದಾಗ ಒಟ್ಟಾರೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಆದ್ದರಿಂದ ಒಂದು ಮಾತು ನೆನಪಿಡಿ. ಇದು ಊಟ, ಔಷಧಿಯಲ್ಲ. ಹೆಂಗಸರಿಗೆ ದಿನಕ್ಕೆ 29 ಮಿ.ಗ್ರಾಂ ಕಬ್ಬಿಣ ಬೇಕೆಂದು ಶಿಫಾರಸಿದೆ. ನೂರು ಗ್ರಾಂ ಧನಶಕ್ತಿ ಹಿಟ್ಟಿನಿಂದ ಸಿಗುವುದು ಏಳು. ರಕ್ತ ಕಡಿಮೆಯಿದ್ದವರು, ಅದರಲ್ಲೂ ಬಸಿರಿಯರು, ರೊಟ್ಟಿಯನ್ನು ನಂಬಿ ಕಬ್ಬಿಣದ ಗುಳಿಗೆ ಬಿಡಬಾರದು. ಹೆರಿಗೆಯಲ್ಲಿ ರಕ್ತಸ್ರಾವವಾದರೆ ರಕ್ತಹೀನ ತಾಯಿಯ ಜೀವಕ್ಕೇ ಅಪಾಯ. ಗುಳಿಗೆಯಿಂದ ಮಲ ಕಪ್ಪಾದರೆ ಹೆದರಬೇಡಿ.

ಮನೆಯಲ್ಲಿ ಏನು ಮಾಡಬಹುದು? ರೊಟ್ಟಿಯ ಜೊತೆ ಕಾಳುಪಲ್ಲೆ, ಸೊಪ್ಪು ಇರಲಿ. ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳಿ. ಹುಳಿ ಕಬ್ಬಿಣವನ್ನು ದಕ್ಕಿಸುತ್ತದೆ. ಊಟದ ಜೊತೆಗೇ ಚಹಾ ಬೇಡ, ಒಂದೆರಡು ತಾಸು ಬಿಟ್ಟು ಕುಡಿಯಿರಿ. ಸಜ್ಜೆ ರೊಟ್ಟಿ ಸಂಕ್ರಾಂತಿಗಷ್ಟೇ ಮೀಸಲಾಗದಿರಲಿ.

ಹೊಲವಿದ್ದವರು ಬಿತ್ತನೆಗೆ ಮೊದಲು, ನಿಮ್ಮ ಮಣ್ಣಿಗೆ ಹೊಂದುವ ಸಾರವರ್ಧಿತ ತಳಿ ಯಾವುದೆಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಕಾಳು ನೋಡಿ ಕಬ್ಬಿಣ ಎಷ್ಟಿದೆ ಎಂದು ಹೇಳಲಾಗದು, ಚೀಲದ ಮೇಲಿನ ತಳಿಯ ಹೆಸರು ಓದಿ ಕೊಳ್ಳಿ. ಧನಶಕ್ತಿ ಹೈಬ್ರಿಡ್ ಅಲ್ಲವಾದ್ದರಿಂದ ಅದರ ಬೀಜ ಕಾದಿಟ್ಟು ಮತ್ತೆ ಬಿತ್ತಬಹುದು. ಎಲ್ಲಕ್ಕೂ ಮೊದಲು ಮನೆಯ ಹೆಣ್ಣುಮಕ್ಕಳ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ಹನಿ ರಕ್ತದಿಂದ ತಿಳಿಯುವ ವಿಷಯವದು.