ಎರಡು ಊರು, ಎರಡು ಕಟ್ಟಳೆ

ಅಮೆರಿಕದ ಷಿಕಾಗೋ ಮಹಾನಗರದ ಮಗ್ಗುಲಲ್ಲಿ ಮಾರ್ಟನ್ ಗ್ರೋವ್ ಎಂಬ ಊರೊಂದುಂಟು. ಅಲ್ಲಿಂದ ನೂರಾರು ಮೈಲಿ ದಕ್ಷಿಣಕ್ಕೆ, ಜಾರ್ಜಿಯಾ ಸಂಸ್ಥಾನದ ಅಟ್ಲಾಂಟಾ ನಗರದ ಸಮೀಪದಲ್ಲಿ, ಕೆನೆಸಾ ಎಂಬುದು ಇನ್ನೊಂದು ಊರು. ದೊಡ್ಡ ನಗರಗಳ ನೆರಳಿನಲ್ಲಿ ಬೆಳೆದ ಈ ಎರಡು ಊರುಗಳ ಹೆಸರನ್ನು 1981ಕ್ಕೆ ಮೊದಲು ದೂರದವರು ಕೇಳಿದ್ದುದು ಅಪರೂಪ. ಆ ವರ್ಷ ಮಾರ್ಟನ್ ಗ್ರೋವ್, ತನ್ನ ಎಲ್ಲೆಯೊಳಗೆ ಯಾರ ಮನೆಯಲ್ಲಿಯೂ ಪಿಸ್ತೂಲು ಇರಕೂಡದೆಂದು ಕಟ್ಟಳೆ ಮಾಡಿತು. ಮರುವರ್ಷ ಕೆನೆಸಾ, ತನ್ನ ಎಲ್ಲೆಯೊಳಗೆ ಪ್ರತಿಯೊಂದು ಮನೆಯಲ್ಲಿಯೂ ಬಂದೂಕು ಇರಲೇಬೇಕೆಂದು ಕಟ್ಟಳೆ ಮಾಡಿತು. ಇಬ್ಬರ ಉದ್ದೇಶವೂ ಒಂದೇ: ಊರಿನ ಸಂಸಾರಗಳ ಕ್ಷೇಮ.

ಒಂದು ಸಣ್ಣ ಊರಿನ ಪೌರಸಭೆಗೆ ಇಷ್ಟು ಅಧಿಕಾರ ಎಲ್ಲಿಂದ ಬಂತೆಂದು ಓದುಗರಿಗೆ ಆಶ್ಚರ್ಯವಾದೀತು. ಭಾರತದಲ್ಲಿ ಆಯುಧದ ಪರವಾನಗಿಗೆ 1959ರ ಕೇಂದ್ರ ಕಾಯಿದೆಯೇ ಆಧಾರ. ಪುರಸಭೆಗೆ ಅದರಲ್ಲಿ ಮಾತಿಲ್ಲ. ಅಮೆರಿಕದ ರೀತಿ ಬೇರೆ. ಅಲ್ಲಿ ಕೇಂದ್ರಕ್ಕೊಂದು ಕಾಯಿದೆ, ಸಂಸ್ಥಾನಕ್ಕೊಂದು ಕಾಯಿದೆ. ಸಂಸ್ಥಾನ ಸಮ್ಮತಿಸಿದರೆ ಊರಿಗೂ ಒಂದು ಕಾಯಿದೆ. ಇವೆಲ್ಲದರ ಮೇಲೆ, 1791ರಲ್ಲಿ ರಾಜ್ಯಾಂಗಕ್ಕೆ ಸೇರಿದ ಎರಡನೆಯ ತಿದ್ದುಪಡಿ. ಇಂಗ್ಲಿಷಿನಲ್ಲಿ ಕೇವಲ 27 ಪದಗಳಿರುವ ಆ ವಾಕ್ಯದ ಪೂರ್ವಾರ್ಧ ಸ್ವತಂತ್ರ ರಾಜ್ಯದ ರಕ್ಷಣೆಗೆ ಬೇಕಾದ ನಾಗರಿಕ ಪಡೆಯ ಮಾತನ್ನೆತ್ತುತ್ತದೆ. ಉತ್ತರಾರ್ಧ ಆಯುಧ ಹೊಂದುವ ಜನರ ಹಕ್ಕಿಗೆ ಭಂಗ ತರಕೂಡದೆನ್ನುತ್ತದೆ. ಈ ಹಕ್ಕು ಪಡೆಗೆ ಸೇರಿದವರದೋ, ಮನೆಯಲ್ಲಿರುವ ಒಬ್ಬೊಬ್ಬ ವ್ಯಕ್ತಿಯದೋ? ಈ ಒಂದು ಪ್ರಶ್ನೆ ಆ ದೇಶವನ್ನು ಇಬ್ಭಾಗ ಮಾಡಿದೆ.

ನಿಷೇಧ

1980ರ ಡಿಸೆಂಬರಿನಲ್ಲಿ ಗಾಯಕ ಜಾನ್ ಲೆನನ್ ನ್ಯೂಯಾರ್ಕಿನ ತಮ್ಮ ಮನೆಯ ಬಾಗಿಲಲ್ಲೇ ರಿವಾಲ್ವರಿನ ಗುಂಡಿಗೆ ಬಲಿಯಾದರು. 1981ರ ಮಾರ್ಚ್ 30ರಂದು ಅಧ್ಯಕ್ಷ ರೇಗನ್ನರಿಗೇ ಗುಂಡು ತಗುಲಿತು. ಅವರ ಪತ್ರಿಕಾ ಕಾರ್ಯದರ್ಶಿ ಜೇಮ್ಸ್ ಬ್ರೇಡಿ ತಲೆಗೆ ಏಟು ಬಿದ್ದು ಬಾಳಿಡೀ ಅಂಗವಿಕಲರಾದರು. ದೇಶ ಇದೇ ಮಾತನ್ನಾಡುತ್ತಿದ್ದ ದಿನಗಳಲ್ಲಿ ಮಾರ್ಟನ್ ಗ್ರೋವಿನಲ್ಲಿ ಬಂದೂಕಿನ ಅಂಗಡಿಯೊಂದನ್ನು ತೆರೆಯುವ ಪ್ರಸ್ತಾಪ ಬಂತು. ಊರಿನ ತಂದೆತಾಯಿಗಳು ಗಾಬರಿಗೊಂಡರು. ಅಂಗಡಿಯನ್ನು ತಡೆಯುವ ಯೋಚನೆಯಿಂದ ಹೊರಟ ಚರ್ಚೆ, ಪಿಸ್ತೂಲನ್ನೇ ತಡೆಯುವಲ್ಲಿಗೆ ಬಂದು ಮುಟ್ಟಿತು. ಜೂನ್ 8ರಂದು ಊರಿನ ಮಂಡಲಿ ಎರಡಕ್ಕೆ ನಾಲ್ಕು ಮತಗಳಿಂದ ನಿಷೇಧವನ್ನು ಅಂಗೀಕರಿಸಿತು.

ಉದ್ದನಳಿಕೆಯ ಬಂದೂಕುಗಳಿಗೆ ಅಡ್ಡಿಯಿರಲಿಲ್ಲ. ಒಂದೇ ಕೈಯಲ್ಲಿ ಹಿಡಿದು ಹಾರಿಸಬಲ್ಲ, ಕಿಸೆಯಲ್ಲಿ ಅಡಗಿಸಬಲ್ಲ ಆಯುಧಗಳಿಗೆ ಮಾತ್ರ ತಡೆ. ಪೊಲೀಸರಿಗೆ, ಸೈನಿಕರಿಗೆ, ಪರವಾನಗಿಯುಳ್ಳ ಸಂಗ್ರಾಹಕರಿಗೆ ವಿನಾಯಿತಿಯಿತ್ತು. ಗುರಿಯಭ್ಯಾಸದ ಹವ್ಯಾಸಿಗಳು ತಮ್ಮ ಪಿಸ್ತೂಲನ್ನು ಪರವಾನಗಿ ಪಡೆದ ಕ್ಲಬ್ಬಿನಲ್ಲಿ ಇಡಬಹುದಾಗಿತ್ತು. ಇಷ್ಟಾದರೂ ಊರಿನ ಕೆಲವರು ನ್ಯಾಯಾಲಯದ ಮೆಟ್ಟಿಲೇರಿದರು. ಫೆಡರಲ್ ಮೇಲ್ಮನವಿ ನ್ಯಾಯಾಲಯ 1982ರ ಡಿಸೆಂಬರಿನಲ್ಲಿ ಊರಿನ ಪರವಾಗಿ ತೀರ್ಪಿತ್ತಿತು. ಮರುವರ್ಷ ಸರ್ವೋಚ್ಚ ನ್ಯಾಯಾಲಯ ಮೊಕದ್ದಮೆಯನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿದ್ದರಿಂದ ಕಟ್ಟಳೆ ಉಳಿಯಿತು. ಅಷ್ಟರಲ್ಲಿ ಷಿಕಾಗೋ ನಗರವೂ ಹೊಸ ಪಿಸ್ತೂಲುಗಳ ನೋಂದಣಿಯನ್ನು ನಿಲ್ಲಿಸಿ ಅದೇ ದಾರಿ ಹಿಡಿದಿತ್ತು. ನೆರೆಯ ಓಕ್ ಪಾರ್ಕ್ 1984ರಲ್ಲಿ ನಿಷೇಧ ವಿಧಿಸಿ, ಮರುವರ್ಷ ಜನಮತಕ್ಕಿಟ್ಟು ಗೆದ್ದಿತು.

ಕಡ್ಡಾಯ

ಕೆನೆಸಾದ ಪೌರಸಭೆಗೆ ಮಾರ್ಟನ್ ಗ್ರೋವಿನ ಸುದ್ದಿ ಸಹನೆಯಾಗಲಿಲ್ಲ. ಆಗ ಸುಮಾರು 5,000 ಜನರಿದ್ದ ಊರು ಅದು. 1862ರಲ್ಲಿ, ಅಂತರ್ಯುದ್ಧದ ನಡುವೆ, ಉತ್ತರದವರು ಇಲ್ಲಿಂದಲೇ ರೈಲಿನ ಎಂಜಿನೊಂದನ್ನು ಅಪಹರಿಸಿ ಓಡಿಸಿದ್ದರು. ಆ ಎಂಜಿನನ್ನು ಇಂದಿಗೂ ಊರಿನ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು. ಉತ್ತರದ ಊರೊಂದು ಹಾಕಿದ ಮೇಲ್ಪಂಕ್ತಿಗೆ ದಕ್ಷಿಣದ ಊರು 1982ರ ಮಾರ್ಚ್ 15ರಂದು ಒಮ್ಮತದಿಂದ ಉತ್ತರ ಕೊಟ್ಟಿತು: ಊರಿನ ಎಲ್ಲೆಯೊಳಗಿನ ಪ್ರತಿಯೊಂದು ಕುಟುಂಬದ ಯಜಮಾನನೂ ಒಂದು ಬಂದೂಕನ್ನೂ ಅದಕ್ಕೆ ಬೇಕಾದ ಮದ್ದುಗುಂಡನ್ನೂ ಇಟ್ಟುಕೊಂಡಿರತಕ್ಕದ್ದು.

ಈ ಕಟ್ಟಳೆಯ ವಿನಾಯಿತಿಗಳು ಕುತೂಹಲಕರವಾಗಿವೆ. ಅಂಗವೈಕಲ್ಯವುಳ್ಳವರಿಗೆ, ಮನೋವೈಕಲ್ಯವುಳ್ಳವರಿಗೆ, ಬಂದೂಕು ಕೊಳ್ಳಲಾರದ ಬಡವರಿಗೆ, ಘೋರಾಪರಾಧಕ್ಕಾಗಿ ಶಿಕ್ಷೆ ಹೊಂದಿದವರಿಗೆ ಇದು ಅನ್ವಯಿಸದು. ಧರ್ಮಶ್ರದ್ಧೆಯಿಂದಲೋ ಸ್ವಂತ ನಂಬಿಕೆಯಿಂದಲೋ ಆಯುಧವನ್ನು ಒಲ್ಲದವರಿಗೂ ಅನ್ವಯಿಸದು. ಒಲ್ಲದವನನ್ನು ಬಿಟ್ಟುಬಿಡುವ ಕಡ್ಡಾಯವನ್ನು ಕಡ್ಡಾಯವೆನ್ನಬಹುದೆ? ಬಂದೂಕಿಲ್ಲವೆಂಬ ಕಾರಣಕ್ಕೆ ಪೊಲೀಸರು ಯಾವ ಮನೆಯನ್ನೂ ಶೋಧಿಸಲಿಲ್ಲ. ಯಾವ ಯಜಮಾನನೂ ದಂಡ ತೆರಲಿಲ್ಲ. ಕಟ್ಟಳೆ ಬಂದ ಮೇಲೆ ಕನ್ನಗಳವು ಇಳಿಯಿತೆಂದು ಅದರ ಅಭಿಮಾನಿಗಳು ಹೆಮ್ಮೆಪಡುತ್ತಾರೆ. ಅಷ್ಟು ಸಣ್ಣ ಊರಿನ ಅಲ್ಪಸ್ವಲ್ಪ ಅಂಕಿಗಳಿಂದ ಅಂಥ ತೀರ್ಮಾನಕ್ಕೆ ಬರಲಾಗದೆಂದು ವಿಮರ್ಶಕರು ಹೇಳುತ್ತಾರೆ. ಊರಂತೂ ಬೆಳೆಯಿತು. 2020ರ ಜನಗಣತಿಯ ವೇಳೆಗೆ ಅಲ್ಲಿ 33,000 ಜನರಿದ್ದರು. ಕಟ್ಟಳೆ ಪುಸ್ತಕದಲ್ಲಿ ಹಾಗೆಯೇ ಉಳಿಯಿತು.

ವೃದ್ಧನೊಬ್ಬನ ಮೊಕದ್ದಮೆ

ಕಾಲು ಶತಮಾನ ಹೀಗೆ ನಡೆದ ಮೇಲೆ ದೇಶದ ನ್ಯಾಯಶಾಸ್ತ್ರವೇ ಮಗ್ಗುಲು ಬದಲಿಸಿತು. 2008ರ ಜೂನ್ 26ರಂದು ಸರ್ವೋಚ್ಚ ನ್ಯಾಯಾಲಯ, ರಾಜಧಾನಿ ವಾಷಿಂಗ್ಟನ್ನಿನಲ್ಲಿ 1976ರಿಂದ ಜಾರಿಯಲ್ಲಿದ್ದ ಪಿಸ್ತೂಲು ನಿಷೇಧವನ್ನು ನಾಲ್ಕಕ್ಕೆ ಐದು ಮತಗಳಿಂದ ಅನೂರ್ಜಿತಗೊಳಿಸಿತು. ಆತ್ಮರಕ್ಷಣೆಗಾಗಿ ಮನೆಯಲ್ಲಿ ಆಯುಧವಿಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕು ಎಂದು ಬಹುಮತದ ತೀರ್ಪು ಸಾರಿತು. ಅದು ಎಲ್ಲೆಯಿಲ್ಲದ ಹಕ್ಕಲ್ಲವೆಂಬ ಮಾತನ್ನೂ ಸೇರಿಸಿತು. ಆದರೆ ವಾಷಿಂಗ್ಟನ್ ನೇರವಾಗಿ ಕೇಂದ್ರಕ್ಕೆ ಸೇರಿದ ನಗರ. ಈ ಹಕ್ಕು ಸಂಸ್ಥಾನಗಳನ್ನೂ ಊರುಗಳನ್ನೂ ಕಟ್ಟುವುದೆ? ಆ ಪ್ರಶ್ನೆಗೆ ಉತ್ತರ ದೊರಕಿಸಿದವರು ಷಿಕಾಗೋದ ಓಟಿಸ್ ಮೆಕ್‌ಡೊನಾಲ್ಡ್.

ಆಫ್ರಿಕನ್ ಮೂಲದ ಈ ವೃದ್ಧರು ಲೂಸಿಯಾನದ ಗೇಣಿದಾರರ ಮನೆಯಲ್ಲಿ ಹುಟ್ಟಿ, ಹದಿಹರೆಯದಲ್ಲಿ ಷಿಕಾಗೋಗೆ ಬಂದು, ದುಡಿದು ಮನೆ ಮಾಡಿಕೊಂಡವರು. ವರ್ಷಗಳು ಕಳೆದಂತೆ ಅವರ ಬಡಾವಣೆ ಕೆಟ್ಟಿತು. ಮನೆಗೆ ಹಲವು ಸಲ ಕಳ್ಳರು ನುಗ್ಗಿದರು. ಬೇಟೆಯ ಬಂದೂಕು ಅವರಲ್ಲಿತ್ತು. ಹಾಸಿಗೆಯ ಪಕ್ಕದಲ್ಲಿ ಒಂದು ಪಿಸ್ತೂಲು ಬೇಕೆಂದರೆ ನಗರದ ಕಟ್ಟಳೆ ಒಪ್ಪುತ್ತಿರಲಿಲ್ಲ. 2010ರ ಜೂನ್ 28ರಂದು ತೀರ್ಪು ಬಂದಾಗ ಅವರಿಗೆ 76 ವರ್ಷ. ಮತ್ತೆ ನಾಲ್ಕಕ್ಕೆ ಐದು ಮತ. ಎರಡನೆಯ ತಿದ್ದುಪಡಿ ಸಂಸ್ಥಾನಗಳಿಗೂ ಊರುಗಳಿಗೂ ಅನ್ವಯಿಸುವುದೆಂದು ನಿರ್ಣಯವಾಯಿತು.

ಮಾರ್ಟನ್ ಗ್ರೋವ್ ಅಷ್ಟು ಕಾಲ ಕಾಯಲಿಲ್ಲ. ವಾಷಿಂಗ್ಟನ್ನಿನ ತೀರ್ಪು ಹೊರಬಿದ್ದ ಸುಮಾರು ಒಂದು ತಿಂಗಳಿಗೆ, 2008ರ ಜುಲೈ 28ರಂದು, ಮಂಡಲಿ ತನ್ನ ನಿಷೇಧವನ್ನು ತಾನೇ ಹಿಂತೆಗೆದುಕೊಂಡಿತು. ಪರವಾಗಿ ಐದು ಮತ, ವಿರುದ್ಧವಾಗಿ ಒಂದು. ಮೊಕದ್ದಮೆ ನಡೆಸುವ ಖರ್ಚು ಸಣ್ಣ ಊರಿನ ಬೊಕ್ಕಸಕ್ಕೆ ಸಣ್ಣ ಮಾತಲ್ಲ.

ಎಲ್ಲೆಯ ಪ್ರಶ್ನೆ

ಊರುಗಳ ಕೈ ಕಟ್ಟಿದ್ದು ನ್ಯಾಯಾಲಯ ಮಾತ್ರವಲ್ಲ. ಬಂದೂಕಿನ ವಿಷಯದಲ್ಲಿ ಸ್ಥಳೀಯ ಸಭೆಗಳು ಕೈಹಾಕಕೂಡದೆಂದು ನಲವತ್ತಕ್ಕೂ ಹೆಚ್ಚು ಸಂಸ್ಥಾನಗಳು ಕಾಯಿದೆ ಮಾಡಿವೆ. ಇಲಿನಾಯ್ ಸಂಸ್ಥಾನ 2013ರಲ್ಲಿ ಸೈನಿಕ ಮಾದರಿಯ ಬಂದೂಕುಗಳ ಬಗ್ಗೆ ಇಂಥದೇ ತಡೆ ಹಾಕುವಾಗ, ಊರುಗಳಿಗೆ ಹತ್ತು ದಿನಗಳ ಅವಕಾಶವನ್ನು ಕೊಟ್ಟಿತ್ತು. ಮಿಷಿಗನ್ ಸರೋವರದ ದಡದ ಹೈಲೆಂಡ್ ಪಾರ್ಕ್ ಆ ಅವಕಾಶವನ್ನು ಬಿಡದೆ ನಿಷೇಧವನ್ನು ಜಾರಿಗೆ ತಂದಿತು, ನ್ಯಾಯಾಲಯದಲ್ಲಿಯೂ ಗೆದ್ದಿತು. ಆದರೆ 2022ರ ಜುಲೈ 4ರ ಬೆಳಗ್ಗೆ, ಸ್ವಾತಂತ್ರ್ಯ ದಿನದ ಮೆರವಣಿಗೆ ನೋಡಲು ಮಕ್ಕಳುಮರಿಗಳೊಡನೆ ಬೀದಿಗೆ ಬಂದ ಜನರ ಮೇಲೆ ಯುವಕನೊಬ್ಬ ಮಹಡಿಯಿಂದ ಗುಂಡಿನ ಮಳೆ ಸುರಿಸಿದ. ಏಳು ಮಂದಿ ಸತ್ತರು. ಹತ್ತಾರು ಜನ ಗಾಯಗೊಂಡರು. ಆ ಬಂದೂಕನ್ನು ಅವನು ಕಾನೂನಿನಂತೆಯೇ ಕೊಂಡಿದ್ದ. ಊರಿನ ಕಟ್ಟಳೆ ಊರಿನ ಗಡಿಕಲ್ಲಿನಲ್ಲೇ ನಿಂತುಬಿಡುತ್ತದೆ, ಮೋಟಾರು ನಿಲ್ಲುವುದಿಲ್ಲ.

ಈ ದುರಂತದ ಬೆನ್ನಿಗೆ, 2023ರ ಜನವರಿಯಲ್ಲಿ, ಇಲಿನಾಯ್ ತನ್ನ ಸಂಸ್ಥಾನಕ್ಕೆಲ್ಲ ಅನ್ವಯಿಸುವ ನಿಷೇಧವನ್ನು ತಂದಿತು. ಈಗ ಪ್ರತಿಭಟಿಸುವ ಸರದಿ ಇನ್ನೊಂದು ಪಕ್ಷದ್ದು. ಅಲ್ಲಿ ಜಿಲ್ಲೆಯಂಥ ವಿಭಾಗಕ್ಕೆ ಕೌಂಟಿಯೆಂದು ಹೆಸರು. ಅದರ ಪೊಲೀಸು ಮುಖ್ಯಸ್ಥನಾದ ಶೆರಿಫ್ ಜನರ ಮತದಿಂದ ಆರಿಸಿ ಬರುವವನು. ಸಂಸ್ಥಾನದ ಬಹುಪಾಲು ಕೌಂಟಿಗಳ ಶೆರಿಫರು, ಯಾರ ಮನೆಯಲ್ಲಿ ಯಾವ ಬಂದೂಕಿದೆಯೆಂದು ತಾವು ವಿಚಾರಿಸಹೋಗುವುದಿಲ್ಲವೆಂದು ಬಹಿರಂಗವಾಗಿ ಸಾರಿದರು. ಇದೇ ಸಂಸ್ಥಾನದ ಎಫಿಂಗ್‌ಹ್ಯಾಮ್ ಕೌಂಟಿ 2018ರಲ್ಲೇ ತನ್ನನ್ನು ಬಂದೂಕಿನವರ ಆಶ್ರಯಸ್ಥಾನವೆಂದು ಘೋಷಿಸಿಕೊಂಡಿತ್ತು. ವಲಸೆ ಬಂದವರಿಗೆ ಆಶ್ರಯವೀಯುವ ನಗರಗಳು ಬಳಸುತ್ತಿದ್ದ ಮಾತನ್ನೇ ಎದುರು ಪಕ್ಷದವರು ಎರವಲು ಪಡೆದಿದ್ದರು. ತನಗೆ ಹಿಡಿಸಿದ ಕಟ್ಟಳೆಯನ್ನು ಊರು ಮಾಡಿದರೆ ಅದು ಸ್ವರಾಜ್ಯ, ಹಿಡಿಸದ್ದನ್ನು ಮಾಡಿದರೆ ಅನ್ಯಾಯ ಎಂಬ ನ್ಯಾಯ ಎರಡು ಪಕ್ಷಗಳಲ್ಲಿಯೂ ಉಂಟು.

ಈ ವಾದವಿವಾದಗಳ ನಡುವೆ ಒಂದು ಅಂಕಿಯನ್ನು ಗಮನಿಸಬೇಕು. 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 48,830 ಮಂದಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ, 26,328 ಮಂದಿ, ತಮ್ಮ ಕೈಯಿಂದ ತಾವೇ ಸತ್ತವರು. ಮಾರ್ಟನ್ ಗ್ರೋವಿನ ಸಭೆ ಯೋಚಿಸಿದ್ದು ಬೀದಿಯ ಕೊಲೆಗಡುಕನನ್ನು. ಕೆನೆಸಾದ ಸಭೆ ಯೋಚಿಸಿದ್ದು ಬಾಗಿಲೊಡೆದು ಬರುವ ಕಳ್ಳನನ್ನು. ಹೊರಗಿನಿಂದ ಬರುವವನ ಮಾತನ್ನೇ ಇಬ್ಬರೂ ಆಡಿದರು. ಒಳಕೋಣೆಯಲ್ಲಿ ಒಬ್ಬನೇ ಕುಳಿತು ದುಃಖಿಸುವ ಮಗನ, ಗಂಡನ, ವೃದ್ಧ ತಂದೆಯ ಮಾತು ಎರಡು ಕಟ್ಟಳೆಗಳಲ್ಲಿಯೂ ಮುಖ್ಯವಾಗಲಿಲ್ಲ.

ಇಂದು ಮಾರ್ಟನ್ ಗ್ರೋವಿನಲ್ಲಿ ಪಿಸ್ತೂಲಿನ ನಿಷೇಧವಿಲ್ಲ. ಕೆನೆಸಾದಲ್ಲಿ ಕಡ್ಡಾಯವಿದ್ದರೂ ಕೇಳುವವರಿಲ್ಲ. ನಾಲ್ಕು ದಶಕಗಳ ಜಗಳದ ತರುವಾಯ ಎರಡು ಊರಿನ ಗೃಹಸ್ಥರೂ ಒಂದೇ ಸ್ಥಿತಿಗೆ ಬಂದು ನಿಂತಿದ್ದಾರೆ. ಬಂದೂಕನ್ನು ಮನೆಗೆ ತರಬೇಕೆ, ತಂದರೆ ಯಾವ ಕಪಾಟಿನಲ್ಲಿಡಬೇಕು, ಅದರ ಬೀಗದ ಕೈ ಯಾರ ಬಳಿ ಇರಬೇಕು ಎಂಬುದನ್ನು ರಾತ್ರಿ ಊಟವಾದ ಮೇಲೆ ಗಂಡಹೆಂಡಿರು ತಾವೇ ಕುಳಿತು ತೀರ್ಮಾನಿಸಬೇಕಾಗಿದೆ.