ಗೌಂಡಿ ಕೆಲಸಕ್ಕೆ ಹೋಗುವವರು ಮೊದಲೇ ಮಾಡಿಸಿಡಬೇಕಾದ ಚೀಟಿ



ಹೊಲದ ಕೆಲಸ ತೀರಿದ ಮೇಲೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಎಷ್ಟೋ ಮನೆಗಳಿಂದ ಒಬ್ಬಿಬ್ಬರು ಗೌಂಡಿಗಳ ಕೈಕೆಳಗೆ ಕೂಲಿಗೆ ಹೋಗುವುದುಂಟು. ಈ ಕೂಲಿ ಒಂದೇ ರಾತ್ರಿಯಲ್ಲಿ ನಿಂತುಹೋದುದನ್ನು ನಾವೆಲ್ಲ ಕಂಡಿದ್ದೇವೆ.

2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆ ಉಕ್ಕಿ ನದಿದಂಡೆಯ ಮನೆಗಳು ಬಿದ್ದವು. ಅವನ್ನು ಮರಳಿ ಕಟ್ಟಬೇಕಾದ ಕಾಲಕ್ಕೇ ಕೊರೋನಾ ಬಂದಿತು. 2020ರ ಮಾರ್ಚ್ 25ರಿಂದ ದೇಶವೆಲ್ಲ ಬಂದಾಯಿತು. ಸಿಮೆಂಟು ಬರಲಿಲ್ಲ, ಗೌಂಡಿ ಬರಲಿಲ್ಲ, ಕೂಲಿಯೂ ಇಲ್ಲ. 2021ರಲ್ಲಿ ರೋಗದ ಎರಡನೆಯ ಅಲೆ ಇಳಿಯುವಷ್ಟರಲ್ಲಿ ಜುಲೈ ತಿಂಗಳ ನೆರೆ ಬಂದಿತು.

ಕಟ್ಟಡ ಕಟ್ಟಿಸುವವರಿಂದ ಎತ್ತುವ ಉಪಕರದ ಹಣ ಕೂಲಿಕಾರರ ಹಿತಕ್ಕೆಂದೇ ಕರ್ನಾಟಕದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಜಮೆಯಾಗುತ್ತದೆ. 2020ರಲ್ಲಿ ನೋಂದಾಯಿತ ಕಾರ್ಮಿಕರಿಗೆ ಮೊದಲು 2,000, ಮೇಲೆ 3,000 ರೂಪಾಯಿ ಸಾರಲಾಯಿತು. 2021ರಲ್ಲಿ ಮತ್ತೆ 3,000. ಹೆಸರು ಬರೆಸದವರಿಗೆ ಇದರಲ್ಲಿ ಪಾಲಿರಲಿಲ್ಲ. ಬರೆಸಿದವರಲ್ಲಿಯೂ ಎಲ್ಲರಿಗೆ ಹಣ ಒಮ್ಮೆಲೆ ಮುಟ್ಟಲಿಲ್ಲ. 2020ರ ಮೇ 6ರಂದು ಸರಕಾರವೇ ಹೇಳಿದ ಲೆಕ್ಕದಂತೆ, 15.80 ಲಕ್ಷ ನೋಂದಾಯಿತರಲ್ಲಿ 11.80 ಲಕ್ಷ ಜನರ ಖಾತೆಗೆ ಮೊದಲ ಹಣ ಸೇರಿತ್ತು. ಉಳಿದ 4 ಲಕ್ಷ ಜನ ಕಾದರು. ಅವರ ಬ್ಯಾಂಕ್ ಖಾತೆಯ ವಿವರ ಪರಿಶೀಲನೆ ಆಗಬೇಕಿತ್ತು. ಮನೆಯಲ್ಲಿ ಜೋಳ ತೀರಿದಾಗ ಪಾಸ್‌ಬುಕ್ಕು ತಿದ್ದಿಸಲು ಹೋದರೆ ಬ್ಯಾಂಕಿನ ಬಾಗಿಲಿಗೂ ಸರದಿ ಇತ್ತು!

ಆದುದರಿಂದ ಕೆಲಸ ನಡೆದಿರುವಾಗಲೇ ತಾಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗಿ ವಿಚಾರಿಸಿರಿ. ವಯಸ್ಸು 18ರಿಂದ 60ರೊಳಗೆ ಇರಬೇಕು. ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ದಾಖಲೆ ಬೇಕು. ಬುಟ್ಟಿ ಹೊರುವ ಹೆಣ್ಣುಮಕ್ಕಳಿಗೂ ಹಕ್ಕು ಅಷ್ಟೇ ಇದೆ. ಗಂಡನ ಚೀಟಿ ಹೆಂಡತಿಗೆ ಸಲ್ಲದು. ಆಧಾರ್ ಚೀಟಿಯಲ್ಲಿಯೂ ಪಾಸ್‌ಬುಕ್ಕಿನಲ್ಲಿಯೂ ಹೆಸರು ಒಂದೇ ತೆರನಾಗಿದೆಯೇ ನೋಡಿರಿ. ಅವಧಿ ಮುಗಿಯುವ ಮುಂಚೆ ನವೀಕರಿಸಿರಿ. ಕರಣಿ ಮುಟ್ಟದವರು ಮಾತ್ರ ಈ ಚೀಟಿಗೆ ಆಶೆಪಡಬಾರದು. ಅಂಥ ಸುಳ್ಳು ಚೀಟಿಗಳಿಂದ ನಿಜವಾದ ಕೂಲಿಕಾರನೂ ಸಂಶಯಕ್ಕೆ ಗುರಿಯಾಗುತ್ತಾನೆ.

ನೀವೇ ಮನೆ ಕಟ್ಟಿಸುವವರಾದರೆ, 90 ದಿನದ ದಾಖಲೆಗೆ ಸಹಿ ನಿಮ್ಮದೂ ಬೇಕಾದೀತು. ಗೌಂಡಿಯ ಮತ್ತು ಆಳುಗಳ ಹಾಜರಿಯನ್ನು ಒಂದು ವಹಿಯಲ್ಲಿ ದಿನಾಲು ಬರೆದಿಡಿರಿ; ಕೇಳಿದಾಗ ಸಹಿ ಕೊಡಿರಿ.

ಕೊಲ್ಲಾಪುರ, ಇಚಲಕರಂಜಿ ಕಡೆಗೆ ದುಡಿಯಲು ಹೋಗುವವರು ಒಂದು ಮಾತು ತಿಳಿದಿರಬೇಕು. ಮಂಡಳಿಗಳು ರಾಜ್ಯಕ್ಕೊಂದರಂತೆ ಬೇರೆಬೇರೆ ಇವೆ. ಆ ಕಡೆಯ ದಿನಗಳನ್ನು ಎಲ್ಲಿ ಬರೆಸಬೇಕೆಂಬುದನ್ನು ಊರು ಬಿಡುವ ಮುಂಚೆಯೇ ಕೇಳಿಕೊಳ್ಳಿರಿ.